ಬಾಗಿಲ ಸಂದಿನಿಂದ ಇಣುಕುವ ಕಣ್ಣು

ಪ್ರವಾದಿವರ್ಯರು(ಸ) ಒಮ್ಮೆ ತಮ್ಮ ಕೋಣೆಯಲ್ಲಿ ಬಾಚಣಿಗೆಯಂತಹ ಸಾಧನದಿಂದ ತಲೆ ಕೆರೆದುಕೊಳ್ಳುತ್ತಿದ್ದರು. ಆಗ ಒಬ್ಬಾತ ಬಾಗಿಲ ರಂಧ್ರದಿಂದ ಇಣುಕಿ ನೋಡಿದ. ನೀನು ನೋಡುತ್ತಿರುವುದು ತಿಳಿದಿದ್ದರೆ ಇದರಿಂದಲೇ ನಿನ್ನ ಕಣ್ಣಿಗೆ ತಿವಿಯುತ್ತಿದ್ದೆನೆಂದೂ, ಅನುಮತಿ ಕೇಳುವ ನಿಯಮ ಇರುವುದೇ ಕಣ್ಣಿನ ದೆಸೆಯಿಂದೆಂದೂ ಪ್ರವಾದಿವರ್ಯರು(ಸ) ಹೇಳಿದರು. ಹ. ಸಹ್ಲ್ ಬಿನ್ ಸಅದ್(ರ)ರಿಂದ ವರದಿಯಾದ ಈ ಹದೀಸ್ ಬುಖಾರಿ ಮತ್ತು ಮುಸ್ಲಿಮ್‌ಗಳಲ್ಲಿದೆ.

ಆ ವ್ಯಕ್ತಿ ಏನನ್ನೂ ಕದ್ದಿರಲಿಲ್ಲ, ಹೊಸ್ತಿಲು ದಾಟಿರಲಿಲ್ಲ. ನೋಡಿದ್ದೇ ಅವನ ತಪ್ಪು. ಒಳಗಿದ್ದವರಾದರೋ ಮುಚ್ಚಿಡಬೇಕಾದ ಯಾವ ಕೆಲಸವನ್ನೂ ಮಾಡುತ್ತಿರಲಿಲ್ಲ. "ತಪ್ಪು ಮಾಡದವನು ಯಾಕೆ ಹೆದರಬೇಕು?" ಎಂದು ಇಂದು ಅನೇಕರು ಕೇಳುತ್ತಾರೆ. ಅವರು ಈ ಹದೀಸನ್ನು ಇನ್ನೊಮ್ಮೆ ಓದಲಿ.

ಅನ್ಯರ ಮನೆಯನ್ನು ಸಲಾಮ್ ಹೇಳಿ ಒಪ್ಪಿಗೆ ಪಡೆಯದೆ ಪ್ರವೇಶಿಸಬಾರದು, ಹಿಂದಿರುಗಿರೆಂದರೆ ಹಿಂದಿರುಗಬೇಕು ಎಂಬುದು ಸೂರಃ ಅನ್ನೂರ್‌ನ ಆದೇಶ. ದಿನದ ಮೂರು ಹೊತ್ತುಗಳಲ್ಲಿ ಮನೆಯ ಮಕ್ಕಳು ಸಹ ಅನುಮತಿ ಕೇಳಿಯೇ ಒಳಬರಬೇಕೆಂದು ಅದೇ ಅಧ್ಯಾಯ ಕಲಿಸುತ್ತದೆ. ಪರರ ಗುಟ್ಟುಗಳನ್ನು ಹುಡುಕಿ ತೆಗೆಯುವುದನ್ನು ಸೂರಃ ಅಲ್‌ಹುಜುರಾತ್ ನಿಷೇಧಿಸುತ್ತದೆ.

ಇಂದು ನಮ್ಮ ಬಾಗಿಲು ಮರದ್ದು ಮಾತ್ರವಲ್ಲ. ಆಧಾರ್‌ಗಾಗಿ ಹತ್ತು ಬೆರಳುಗಳ ಅಚ್ಚು, ಎರಡೂ ಕಣ್ಣುಗಳ ಪಾಪೆಯ ಚಿತ್ರ, ಮುಖದ ಭಾವಚಿತ್ರಗಳನ್ನು ಕೊಟ್ಟಿದ್ದೇವೆ. ಪಡಿತರಕ್ಕೂ ಬ್ಯಾಂಕಿಗೂ ಇದರಿಂದ ಅನುಕೂಲವಾಗಿದೆ, ಅಲ್ಲಗಳೆಯಬೇಕಿಲ್ಲ. ಬೀಡಿ ಕಟ್ಟಿ, ಪಾತ್ರೆ ಉಜ್ಜಿ ಬೆರಳು ಸವೆದ ತಾಯಂದಿರನ್ನು ಯಂತ್ರ ಗುರುತಿಸದೆ ಸತಾಯಿಸುವುದೂ ಉಂಟು. ಆದರೆ ಕಳೆದುಹೋದ ಬೀಗವನ್ನು ಬದಲಿಸಬಹುದು, ಗುಪ್ತಸಂಖ್ಯೆಯನ್ನು ಬದಲಿಸಬಹುದು. ಬೆರಳನ್ನು ಬದಲಿಸುವುದು ಹೇಗೆ? ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಹೆಬ್ಬೆಟ್ಟಿನ ಗುರುತನ್ನು ನಕಲು ಮಾಡಿ, ಆಧಾರ್ ಮೂಲಕ ಬ್ಯಾಂಕ್ ಖಾತೆಯಿಂದ ಹಣ ತೆಗೆದ ದೂರುಗಳು 2023ರಲ್ಲಿ ಬೆಂಗಳೂರಿನಲ್ಲೇ ಕೇಳಿಬಂದವು. ಬೆರಳ ತುದಿಗಳನ್ನೂ ಸರಿಪಡಿಸಬಲ್ಲೆವೆಂಬ ಸೂರಃ ಅಲ್‌ಖಿಯಾಮಃದ ಮಾತನ್ನು ನಮ್ಮ ಪ್ರವಚನಕಾರರು ವಿಜ್ಞಾನದ ಅದ್ಭುತವೆಂದು ವರ್ಣಿಸಿ ದಣಿಯುವುದಿಲ್ಲ. ಆ ಬೆರಳಿನ ರಕ್ಷಣೆಯ ಬಗ್ಗೆ ಒಂದು ಮಾತನ್ನಾದರೂ ಸೇರಿಸಿದರೆ ಒಳ್ಳೆಯದಿತ್ತು.

ಈ ಹಕ್ಕಿಗಾಗಿ ನ್ಯಾಯಾಲಯದ ಮೆಟ್ಟಿಲೇರಿದವರು ನಮ್ಮ ರಾಜ್ಯದವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಸಲ್ಲಿಸಿದ ಅರ್ಜಿಯ ಪ್ರಕರಣದಲ್ಲಿ, 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪಿತ್ತಿತು. 2018ರ ಸೆಪ್ಟೆಂಬರ್ 26ರ ತೀರ್ಪು ಆಧಾರ್ ಯೋಜನೆಯನ್ನು ಎತ್ತಿಹಿಡಿಯಿತಾದರೂ, ಮೊಬೈಲ್ ಸಂಖ್ಯೆಗೂ ಬ್ಯಾಂಕ್ ಖಾತೆಗೂ ಅದನ್ನು ಜೋಡಿಸಲೇಬೇಕೆಂಬ ನಿಯಮವನ್ನು ರದ್ದುಗೊಳಿಸಿತು.

ಸರಕಾರ, ಕಂಪೆನಿಗಳ ಮಾತು ಹಾಗಿರಲಿ. ನಮ್ಮ ಜಮಾಅತ್‌ಗಳ ಸ್ಥಿತಿಯೇನು? ರಮಝಾನ್‌ನಲ್ಲಿ ಕಿಟ್ ವಿತರಣೆಗೆಂದು ವಿಧವೆಯರ, ಬಡವರ ಆಧಾರ್ ಪ್ರತಿ, ಫೋಟೊ, ಫೋನ್ ಸಂಖ್ಯೆಗಳನ್ನು ಸಂಗ್ರಹಿಸುತ್ತಾರೆ. ಆ ಪಟ್ಟಿ ವಾಟ್ಸಾಪ್ ಗ್ರೂಪಿನಲ್ಲಿ ಊರೆಲ್ಲ ಸುತ್ತುತ್ತದೆ. ಒಬ್ಬನು ಮಾತನಾಡುತ್ತಾ ಅತ್ತಿತ್ತ ತಿರುಗಿ ನೋಡಿದರೆ ಸಾಕು, ಅವನ ಮಾತು ಕೇಳಿದವನ ಬಳಿ ಅಮಾನತ್ ಆಗುತ್ತದೆಂದು ಅಬೂದಾವೂದ್, ತಿರ್ಮಿದಿಗಳ ಹದೀಸ್ ತಿಳಿಸುತ್ತದೆ. ಗುಟ್ಟಾಗಿರಲಿ ಎಂದು ಅವನು ಬಾಯಿಬಿಟ್ಟು ಹೇಳಬೇಕಾಗಿಯೂ ಇಲ್ಲ. ಹಾಗಿರುವಾಗ, ಹಸಿವಿನ ಒತ್ತಡಕ್ಕೆ ಒಬ್ಬ ತಾಯಿ ಕೊಟ್ಟ ದಾಖಲೆ ಅಮಾನತ್ ಅಲ್ಲವೇ? ಅವಳ ಮಗಳ ಸಂಬಂಧ ನೋಡಲು ಬಂದವರ ಕೈಗೆ ಆ ಪಟ್ಟಿ ಸಿಕ್ಕರೆ ಆಗುವ ಅವಮಾನಕ್ಕೆ ಯಾರು ಹೊಣೆ?

ಹ. ಜಾಬಿರ್(ರ) ಒಮ್ಮೆ ಪ್ರವಾದಿವರ್ಯರ(ಸ) ಬಾಗಿಲು ತಟ್ಟಿದಾಗ, ಯಾರೆಂಬ ಪ್ರಶ್ನೆಗೆ "ನಾನು" ಎಂದಷ್ಟೇ ಉತ್ತರಿಸಿದರು. ಪ್ರವಾದಿವರ್ಯರಿಗೆ(ಸ) ಅದು ಹಿಡಿಸಲಿಲ್ಲ. ದಾಖಲೆ ಕೇಳುವವರೂ ತಾವು ಯಾರು, ಯಾವ ಉದ್ದೇಶಕ್ಕೆ, ಎಷ್ಟು ಕಾಲಕ್ಕೆ ಎಂದು ಹೇಳಬೇಕು, ನಾವೂ ಕೇಳಬೇಕು. ಕೊಡುವುದೇ ಆದರೆ ಕೊನೆಯ ನಾಲ್ಕು ಅಂಕೆಗಳು ಮಾತ್ರ ಕಾಣುವ ಆಧಾರ್ ಪ್ರತಿ ಅನೇಕ ಕಡೆ ಸಾಕಾಗುತ್ತದೆ. ಬೆರಳಚ್ಚನ್ನು ಬಳಸದಂತೆ ಬೀಗ ಹಾಕಿಡುವ ಸೌಲಭ್ಯವನ್ನೂ ಆಧಾರ್ ಪ್ರಾಧಿಕಾರವೇ ಉಚಿತವಾಗಿ ಒದಗಿಸಿದೆ, ಅಗತ್ಯವಿದ್ದಾಗ ತೆರೆದುಕೊಳ್ಳಬಹುದು. ಮಸೀದಿಯ ಕಪಾಟಿನಲ್ಲಿ ಉಳಿದಿರುವ ಹಳೆಯ ಪ್ರತಿಗಳನ್ನು ಸಮಿತಿಯವರು ಈ ತಿಂಗಳೇ ಎಣಿಸಿ, ಕೆಲಸ ಮುಗಿದವುಗಳನ್ನು ಹರಿದುಹಾಕಲಿ.