ನೆನಪಿನ ಕಣಜ

ಕೂಡಿಡುವುದು ಮನುಷ್ಯನ ಹುಟ್ಟುಗುಣ. ಸುಗ್ಗಿಯಲ್ಲಿ ಬೆಳೆದುದನ್ನು ವರ್ಷವಿಡೀ ಉಳಿಸಿಕೊಳ್ಳಬೇಕೆಂದು ನಮ್ಮ ಹಿರಿಯರು ಕಣಜ ಕಟ್ಟಿದರು, ಹಗೇವು ತೋಡಿದರು. ಆದರೆ ಜಾಣನಾದ ಒಕ್ಕಲಿಗ ತನ್ನ ಧಾನ್ಯವನ್ನೆಲ್ಲ ಒಂದೇ ಹಗೇವಿಗೆ ಸುರಿಯುತ್ತಿರಲಿಲ್ಲ. ಅದಕ್ಕೆ ನೀರಿಳಿದರೆ ವರ್ಷದ ಅನ್ನವೇ ಹೋಗುವುದೆಂಬುದನ್ನು ಅವನು ಬಲ್ಲ. ಬಿತ್ತನೆಯ ಬೀಜವನ್ನಂತೂ ಬೇರೆಯಾಗಿಯೇ ಕಾಪಾಡುತ್ತಿದ್ದ.

ಇಂದು ನಮ್ಮ ಮನೆಗಳಲ್ಲಿ ಇನ್ನೊಂದು ಬಗೆಯ ಬೆಳೆಯೂ ಕೂಡಿಬೀಳುತ್ತಿದೆ. ಮದುವೆಯ ಭಾವಚಿತ್ರಗಳು, ಅಜ್ಜಿ ಹಾಡಿದ ಸೋಬಾನೆ ಪದ, ಮಗುವಿನ ಮೊದಲ ತೊದಲುನುಡಿ, ಮೆಚ್ಚಿನ ಸಂಗೀತ, ಚಲನಚಿತ್ರ ಇವೆಲ್ಲವೂ ಅಂಕಿಗಳ ರೂಪ ತಾಳಿ ಗಣಕಯಂತ್ರವನ್ನು ಸೇರಿವೆ. ಇವನ್ನು ತುಂಬಿಡುವ ಕಣಜವೇ ಹಾರ್ಡ್ ಡಿಸ್ಕ್. ಅಂಥ ಹಲವು ಡಿಸ್ಕುಗಳನ್ನು ಒಂದು ಯಂತ್ರದಲ್ಲಿ ಜೋಡಿಸಿ, ಮನೆಯ ಟೆಲಿವಿಷನ್ನಿಗೂ ಫೋನುಗಳಿಗೂ ಬೇಕಾದಾಗ ಹಾಡನ್ನೋ ಚಿತ್ರವನ್ನೋ ಒದಗಿಸುವ ಏರ್ಪಾಟಿಗೆ ಮೀಡಿಯಾ ಸರ್ವರ್ ಎಂದು ಹೆಸರು.

ಈ ಕಣಜದ ಬೆಳವಣಿಗೆ ಬೆರಗು ಹುಟ್ಟಿಸುವಂಥದು. 1956ರಲ್ಲಿ ಐಬಿಎಂ ಸಂಸ್ಥೆ ಹೊರತಂದ ಮೊದಲ ಡಿಸ್ಕ್ ಯಂತ್ರದಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದವು. ಅಷ್ಟು ದೊಡ್ಡ ಯಂತ್ರ ಹಿಡಿಯುತ್ತಿದ್ದುದು ಸುಮಾರು 50 ಲಕ್ಷ ಅಕ್ಷರಗಳನ್ನು ಮಾತ್ರ. ಇಂದು ಅಂಗೈ ಮೇಲಿಡಬಹುದಾದ 4 ಟೆರಾಬೈಟಿನ ಡಿಸ್ಕ್ 4 ಲಕ್ಷ ಕೋಟಿ ಬೈಟುಗಳನ್ನು ಹಿಡಿಯುತ್ತದೆ. ಸಿಡಿಯ ಗುಣಮಟ್ಟದ ಸಂಗೀತವನ್ನು ತುಂಬಿದರೆ 6000 ಗಂಟೆಗಳಿಗೂ ಹೆಚ್ಚು ಕಾಲ ಕೇಳಬಹುದು.

ಆದರೆ ಈ ಕಣಜ ಬಹು ನಾಜೂಕಿನದು. ಅದರೊಳಗಿನ ತಟ್ಟೆಗಳು ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತವೆ. ಓದುವ ಮುಳ್ಳು ತಟ್ಟೆಯನ್ನು ಮುಟ್ಟದೆ, ಕೂದಲಿನ ದಪ್ಪದ ಸಾವಿರಾರು ಪಾಲುಗಳಲ್ಲಿ ಒಂದು ಪಾಲಿನಷ್ಟು ಎತ್ತರದಲ್ಲಿ ತೇಲುತ್ತದೆ. ಹೀಗೆ ಬಿಡುವಿಲ್ಲದೆ ದುಡಿಯುವ ಯಂತ್ರ ಒಂದಲ್ಲ ಒಂದು ದಿನ ಕೆಡಲೇಬೇಕು. ಗೂಗಲ್ ಸಂಸ್ಥೆಯ ತಜ್ಞರು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ಕೆಟ್ಟುಹೋದ ಡಿಸ್ಕುಗಳಲ್ಲಿ ಹಲವು ಯಾವ ಮುನ್ಸೂಚನೆಯನ್ನೂ ಕೊಟ್ಟಿರಲಿಲ್ಲವೆಂದು ಅದರಿಂದ ತಿಳಿದುಬಂದಿತು.

ಹೀಗಿರುವಾಗ ಹಲವು ಡಿಸ್ಕುಗಳನ್ನು ಹೇಗೆ ಬಳಸಬೇಕು? ತಲಾ 4 ಟೆರಾಬೈಟಿನ ನಾಲ್ಕು ಡಿಸ್ಕುಗಳಿವೆಯೆಂದು ಭಾವಿಸೋಣ.

ಒಂದೊಂದನ್ನೂ ಬೇರೆಬೇರೆಯಾಗಿ ಬಳಸುವುದು ಮೊದಲನೆಯ ದಾರಿ. ಒಂದು ಕೆಟ್ಟರೆ ಅದರಲ್ಲಿದ್ದುದಷ್ಟೇ ಹೋಗುತ್ತದೆ. ಆದರೆ ಯಾವ ಹಾಡು ಎಲ್ಲಿದೆಯೆಂದು ಹುಡುಕುವ ತೊಡಕು ತಪ್ಪದು. ಒಂದು ತುಂಬಿ ತುಳುಕುತ್ತಿರುವಾಗ ಇನ್ನೊಂದು ಬರಿದಾಗಿರುವುದೂ ಉಂಟು. ಎರಡನೆಯದು, ಪ್ರತಿಯೊಂದು ಕಡತವನ್ನೂ ತುಂಡುತುಂಡಾಗಿಸಿ ನಾಲ್ಕಕ್ಕೂ ಹಂಚುವ ದಾರಿ. ಇದರಿಂದ 16 ಟೆರಾಬೈಟಿನ ಒಂದೇ ದೊಡ್ಡ ಕಣಜ ಸಿಗುತ್ತದೆ, ವೇಗವೂ ಹೆಚ್ಚುತ್ತದೆ. ಆದರೆ ಒಂದು ಡಿಸ್ಕ್ ಕೆಟ್ಟರೂ ನಾಲ್ಕರಲ್ಲಿದ್ದುದೆಲ್ಲ ನಾಶವಾದಂತೆಯೇ ಸರಿ. ಮೂರನೆಯದು, ಒಂದರಲ್ಲಿ ಬರೆದುದನ್ನೇ ಇನ್ನೊಂದರಲ್ಲಿಯೂ ಬರೆಯುವ ಕನ್ನಡಿಯ ಕ್ರಮ. ಇದು ಭದ್ರವಾದುದು, ಆದರೆ ಬಳಕೆಗೆ ದೊರೆಯುವುದು 8 ಟೆರಾಬೈಟ್ ಮಾತ್ರ.

ಭದ್ರತೆ, ಮಿತವ್ಯಯ ಎರಡನ್ನೂ ಸಾಧಿಸುವ ನಾಲ್ಕನೆಯ ಉಪಾಯವೊಂದಿದೆ. ಅದರ ತಿರುಳು ನಿಮಗೆ ಗೊತ್ತಿರುವ ಕೂಡು-ಕಳೆ ಲೆಕ್ಕವೇ. ಮೂರು ಡಿಸ್ಕುಗಳಲ್ಲಿ ಕ್ರಮವಾಗಿ 7, 5, 9 ಎಂಬ ಅಂಕಿಗಳಿದ್ದು, ನಾಲ್ಕನೆಯದರಲ್ಲಿ ಅವುಗಳ ಮೊತ್ತವಾದ 21 ಅನ್ನು ಬರೆದಿಟ್ಟಿದೆ ಎನ್ನೋಣ. ಎರಡನೆಯ ಡಿಸ್ಕ್ ಕೆಟ್ಟರೆ, 21ರಿಂದ 7ನ್ನೂ 9ನ್ನೂ ಕಳೆದರಾಯಿತು. ಹೋಗಿದ್ದ 5 ಮರಳಿ ಬರುತ್ತದೆ. ಯಂತ್ರವು 0 ಮತ್ತು 1ರ ಭಾಷೆಯಲ್ಲಿ ಇದನ್ನೇ ಮಾಡುತ್ತದೆ. ಮೂರು ಡಿಸ್ಕುಗಳ ಒಂದೇ ಸ್ಥಾನದಲ್ಲಿರುವ 1ರ ಸಂಖ್ಯೆ ಬೆಸವಾದರೆ ನಾಲ್ಕನೆಯದರಲ್ಲಿ 1 ಎಂದೂ, ಸಮವಾದರೆ 0 ಎಂದೂ ಬರೆಯುತ್ತದೆ. ಇದಕ್ಕೆ ಪ್ಯಾರಿಟಿ ಎಂದು ಹೆಸರು. ಇಲ್ಲಿ 12 ಟೆರಾಬೈಟ್ ಬಳಕೆಗೆ ಸಿಗುತ್ತದೆ. ಅಗ್ಗದ ಡಿಸ್ಕುಗಳನ್ನು ಕೂಡಿಸಿ ಹೀಗೆ ಭದ್ರತೆ ಪಡೆಯುವ ಕ್ರಮಗಳನ್ನು ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಎಂಬ ಮೂವರು 1988ರ ಪ್ರಬಂಧವೊಂದರಲ್ಲಿ ವಿಂಗಡಿಸಿ, ರೇಡ್ ಎಂಬ ಹೆಸರನ್ನು ಬಳಕೆಗೆ ತಂದರು. ಅವರು ಕ್ಯಾಲಿಫೋರ್ನಿಯದ ಬರ್ಕ್ಲಿ ವಿಶ್ವವಿದ್ಯಾನಿಲಯಕ್ಕೆ ಸೇರಿದವರು.

ಆದರೆ ಈ ಉಪಾಯಕ್ಕೂ ಮಿತಿಯುಂಟು. ಎರಡು ಡಿಸ್ಕುಗಳು ಒಟ್ಟಿಗೆ ಕೆಟ್ಟರೆ ಒಂದು ಮೊತ್ತದಿಂದ ಎರಡು ಅಂಕಿಗಳನ್ನು ಕಂಡುಹಿಡಿಯಲಾಗದು. ಕೆಟ್ಟುದರ ಬದಲಿಗೆ ಹೊಸದನ್ನಿಟ್ಟು ತುಂಬಲು, ಸೆಕೆಂಡಿಗೆ 150 ಮೆಗಾಬೈಟ್ ವೇಗವಿದ್ದರೂ ಏಳು ಗಂಟೆಗೂ ಮಿಕ್ಕ ಕಾಲ ಬೇಕು. ಆ ಹೊತ್ತಿನಲ್ಲಿ ಉಳಿದ ಡಿಸ್ಕುಗಳು ಪೂರ್ಣವಾಗಿ ದುಡಿಯುತ್ತಿರುತ್ತವೆ. ಅಪಾಯದ ಗಳಿಗೆಯೂ ಅದೇ. ಇದಕ್ಕಿಂತ ದೊಡ್ಡ ಮಿತಿ ಇನ್ನೊಂದು. ಕೈತಪ್ಪಿ ಅಳಿಸಿಹಾಕಿದ ಕಡತವನ್ನು ಕನ್ನಡಿಯೂ ಉಳಿಸದು, ಪ್ಯಾರಿಟಿಯೂ ಉಳಿಸದು. ಅಳಿಸೆಂದರೆ ಅವು ವಿಧೇಯವಾಗಿ ಅಳಿಸುತ್ತವೆ. ಬೆಂಕಿ ಬಿದ್ದರೆ, ಕಳ್ಳ ಹೊತ್ತೊಯ್ದರೆ ನಾಲ್ಕೂ ಒಟ್ಟಿಗೇ ಹೋಗುತ್ತವೆ.

1998ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆಯಲ್ಲಿ ನಡೆದ ಘಟನೆಯೊಂದು ಇದಕ್ಕೆ ನಿದರ್ಶನ. ‘ಟಾಯ್ ಸ್ಟೋರಿ 2’ ಚಿತ್ರದ ತಯಾರಿಕೆಯ ಕಾಲದಲ್ಲಿ ಯಾರೋ ತಪ್ಪಾಗಿ ಕೊಟ್ಟ ಒಂದೇ ಆಜ್ಞೆಯಿಂದ ಚಿತ್ರದ ಬಹುಭಾಗ ಅಳಿಸಿಹೋಯಿತು. ಪ್ರತಿಯಿದೆಯೆಂದು ನಂಬಿ ನೋಡಿದರೆ, ಪ್ರತಿ ತೆಗೆಯುವ ಏರ್ಪಾಟು ಕೆಲವು ಕಾಲದಿಂದ ಸರಿಯಾಗಿ ನಡೆದೇ ಇರಲಿಲ್ಲ! ಗೇಲಿನ್ ಸಸ್ಮನ್ ಎಂಬ ಅಧಿಕಾರಿಣಿ ಹಸುಗೂಸಿನ ಆರೈಕೆಗಾಗಿ ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಅವರ ಮನೆಯ ಗಣಕಯಂತ್ರದಲ್ಲಿದ್ದ ಪ್ರತಿಯೇ ಆ ಚಿತ್ರಕ್ಕೆ ಆಸರೆಯಾಯಿತು. ದೂರದಲ್ಲಿರುವ ಪ್ರತಿಯೇ ನಿಜವಾದ ಆಪದ್ಧನ; ಆಗಾಗ ತೆರೆದು ಪರೀಕ್ಷಿಸದ ಪ್ರತಿ ಇದ್ದೂ ಇಲ್ಲದಂತೆ. ಆದುದರಿಂದಲೇ ತಿಳಿದವರು, ಮುಖ್ಯವಾದುದಕ್ಕೆ ಮೂರು ಪ್ರತಿಗಳಿರಲಿ, ಅವು ಎರಡು ಬಗೆಯ ಸಾಧನಗಳಲ್ಲಿರಲಿ, ಒಂದಾದರೂ ಬೇರೆ ಊರಿನಲ್ಲೋ ಬೇರೆ ಮನೆಯಲ್ಲೋ ಇರಲಿ ಎನ್ನುತ್ತಾರೆ.

ಈ ವಿವೇಕ ನಮ್ಮ ನಾಡಿಗೆ ಹೊಸತೇನಲ್ಲ. ಹತ್ತನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ 1000 ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ. ಆ ಕಾವ್ಯ ಇಂದಿಗೂ ನಮ್ಮ ಕೈಯಲ್ಲಿದೆ. ಅದೇ ಕವಿಯ ‘ಭುವನೈಕರಾಮಾಭ್ಯುದಯ’ವಾದರೋ ನಮಗೆ ಪೂರ್ಣವಾಗಿ ದೊರೆತಿಲ್ಲ. ಓಲೆಗರಿಗೆ ಗೆದ್ದಲು ಶತ್ರುವಾದರೆ ಡಿಸ್ಕಿಗೆ ಸವೆತ ಶತ್ರು. ಇಬ್ಬರನ್ನೂ ಗೆಲ್ಲುವ ಅಸ್ತ್ರ ಮಾತ್ರ ಒಂದೇ: ಪ್ರತಿ ಮಾಡುವುದು, ಹಂಚಿಡುವುದು.

ಎಲ್ಲಕ್ಕೂ ಮೂರು ಪ್ರತಿ ಮಾಡುವಷ್ಟು ಹಣ, ಸ್ಥಳ ಯಾರಿಗಿದೆ? ಆದುದರಿಂದ ಒಕ್ಕಲಿಗನ ವಿವೇಚನೆ ನಮಗೂ ಬೇಕು. ಅಂಗಡಿಯಲ್ಲಿ ಮತ್ತೆ ದೊರೆಯುವ ಚಲನಚಿತ್ರ ಉಣ್ಣುವ ಕಾಳು; ಹೋದರೆ ಮತ್ತೆ ಕೊಳ್ಳಬಹುದು. ಅಜ್ಜಿಯ ದನಿಯಾದರೋ ಬಿತ್ತನೆಯ ಬೀಜ. ಒಮ್ಮೆ ಹೋದರೆ ಯಾವ ಸಂತೆಯಲ್ಲಿಯೂ ಸಿಗದು. ಕಾಳಾವುದು, ಬೀಜವಾವುದು ಎಂಬುದನ್ನು ಯಂತ್ರ ಅರಿಯದು. ಅದನ್ನು ಅರಿತು ಆರಿಸಬೇಕಾದವರು ನಾವೇ.

ಅಭ್ಯಾಸ

ಪದಗಳ ಅರ್ಥ:
ಹಗೇವು – ಧಾನ್ಯವನ್ನು ಕೂಡಿಡಲು ನೆಲದಲ್ಲಿ ತೋಡಿದ ಗುಂಡಿ
ಆಪದ್ಧನ – ಕಷ್ಟಕಾಲಕ್ಕೆಂದು ಉಳಿಸಿಟ್ಟ ಹಣ
ಮಿತವ್ಯಯ – ಮಿತವಾದ ಖರ್ಚು

ಪ್ರಶ್ನೆಗಳು:
1. ತುಂಡುಮಾಡಿ ಹಂಚುವ ಕ್ರಮಕ್ಕೂ ಕನ್ನಡಿಯ ಕ್ರಮಕ್ಕೂ ಇರುವ ವ್ಯತ್ಯಾಸವೇನು?
2. ಮೂರು ಡಿಸ್ಕುಗಳಲ್ಲಿ 8, 3, 6 ಇದ್ದು, ಮೂರನೆಯದು ಕೆಟ್ಟರೆ ಅದನ್ನು ಮರಳಿ ಪಡೆಯುವುದು ಹೇಗೆ?
3. ‘ಅಜ್ಜಿಯ ದನಿ ಬಿತ್ತನೆಯ ಬೀಜ’ – ಈ ಮಾತನ್ನು ವಿವರಿಸಿರಿ.
4. ನಿಮ್ಮ ಮನೆಯಲ್ಲಿ ‘ಬೀಜ’ದಂತೆ ಕಾಪಾಡಬೇಕಾದ ಐದು ವಸ್ತುಗಳನ್ನು ಪಟ್ಟಿಮಾಡಿ, ಕಾರಣ ಬರೆಯಿರಿ.