ಮಗುವಿಗೆ ಜ್ವರ: ಈ ರಾತ್ರಿಯೇ ಹೋಗಬೇಕೆ, ಬೆಳಗ್ಗೆ ನೋಡಬಹುದೆ?

ರಾತ್ರಿ ಹನ್ನೊಂದು ಗಂಟೆ. ಎರಡು ವರ್ಷದ ಮಗುವಿನ ಮೈ ಕಾದ ಹಂಚಿನಂತೆ ಸುಡುತ್ತಿದೆ. ಥರ್ಮಾಮೀಟರ್ 103 ಡಿಗ್ರಿ ತೋರಿಸುತ್ತಿದೆ. ತಾಯಿ ಗಾಬರಿಯಿಂದ ಅಳುತ್ತಿದ್ದಾಳೆ, ತಂದೆ ಆಟೋ ಹುಡುಕಲು ಅಂಗಿ ತೊಡುತ್ತಿದ್ದಾನೆ. ಅದೇ ಬೀದಿಯ ಇನ್ನೊಂದು ಮನೆಯಲ್ಲಿ ನಲವತ್ತು ದಿನದ ಹಸುಗೂಸಿಗೆ 100.6 ಡಿಗ್ರಿ. ಕೂಸು ಅಳುತ್ತಿಲ್ಲ, ಹಟ ಮಾಡುತ್ತಿಲ್ಲ. ಸಂಜೆಯಿಂದ ನಿದ್ದೆಯಲ್ಲೇ ಇದೆ, ಹಾಲಿಗೂ ಎದ್ದಿಲ್ಲ. "ಸ್ವಲ್ಪ ಮೈ ಬಿಸಿ ಅಷ್ಟೇ ಮಗಾ, ಬೆಳಗ್ಗೆ ನೋಡೋಣ. ಎಷ್ಟು ಚೆನ್ನಾಗಿ ಮಲಗಿದೆ ನೋಡು" ಎಂದು ಅಜ್ಜಿ ಬಾಣಂತಿ ಮಗಳಿಗೆ ಸಮಾಧಾನ ಹೇಳುತ್ತಿದ್ದಾರೆ.

ಈ ಎರಡು ಮನೆಗಳಲ್ಲಿ ಆ ರಾತ್ರಿಯೇ ಆಸ್ಪತ್ರೆಗೆ ಹೊರಡಬೇಕಾದವರು ಯಾರು? ಎರಡನೆಯ ಮನೆಯವರು. ಮೊದಲನೆಯ ಮಗು ಔಷಧಿ ಕುಡಿದ ಒಂದು ಗಂಟೆಯ ನಂತರ ನೀರು ಕೇಳಿ, ಅಪ್ಪನ ಕನ್ನಡಕ ಎಳೆದು ನಕ್ಕರೆ, ಬೆಳಗಿನವರೆಗೆ ಮನೆಯಲ್ಲೇ ನೋಡಿಕೊಳ್ಳಬಹುದು. ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಇದಕ್ಕೆ ತದ್ವಿರುದ್ಧ. ಅಂಕಿ ದೊಡ್ಡದಿದ್ದರೆ ಓಡುತ್ತೇವೆ, ಸಣ್ಣದಿದ್ದರೆ ಕಾಯುತ್ತೇವೆ. ಮಗುವಿನ ವಯಸ್ಸನ್ನು, ಮಗು ಇರುವ ರೀತಿಯನ್ನು ನೋಡುವುದು ಆಮೇಲೆ.

ಜ್ವರ ರೋಗವಲ್ಲ, ರೋಗದ ಒಂದು ಲಕ್ಷಣ. ದೇಹದೊಳಗೆ ಸೋಂಕು ಹೊಕ್ಕಾಗ ಮೆದುಳಿನಲ್ಲಿರುವ ಹೈಪೊಥಲಾಮಸ್ ಎಂಬ ಭಾಗ ಶರೀರದ ಶಾಖದ ಮಟ್ಟವನ್ನು ಬೇಕೆಂದೇ ಏರಿಸುತ್ತದೆ. ಆ ಮಟ್ಟ ಮುಟ್ಟುವವರೆಗೆ ಮಗುವಿಗೆ ಚಳಿಯಾಗುತ್ತದೆ, ಕೈಕಾಲು ತಣ್ಣಗಿರುತ್ತವೆ, ಇಳಿಯುವಾಗ ಬೆವರುತ್ತದೆ. ಮಕ್ಕಳಿಗೆ ಬರುವ ಜ್ವರಗಳಲ್ಲಿ ಹೆಚ್ಚಿನವು ವೈರಸ್ಸಿನಿಂದ ಬಂದು ಮೂರು ನಾಲ್ಕು ದಿನಗಳಲ್ಲಿ ತಾವಾಗಿಯೇ ಹೋಗುತ್ತವೆ. ಅವಕ್ಕೆ ಆಂಟಿಬಯೋಟಿಕ್ ಬೇಕಿಲ್ಲ, ಇಂಜೆಕ್ಷನ್ ಅಂತೂ ಬೇಕಿಲ್ಲ. "ಡಾಕ್ಟರು ಇಂಜೆಕ್ಷನ್ ಕೊಡಲೇ ಇಲ್ಲ" ಎಂದು ಬೇಸರಪಟ್ಟು ಬೇರೆ ಡಾಕ್ಟರರನ್ನು ಹುಡುಕುವ ತಂದೆತಾಯಿಗಳು ಇದನ್ನು ಗಮನಿಸಬೇಕು.

ಹಣೆಯ ಮೇಲೆ ಕೈಯಿಟ್ಟು ಜ್ವರವನ್ನು ಅಂದಾಜು ಮಾಡಿದರೆ ಸಾಲದು. ಡಿಜಿಟಲ್ ಥರ್ಮಾಮೀಟರಿನ ತುದಿಯನ್ನು ಬೆವರು ಒರೆಸಿದ ಕಂಕುಳಲ್ಲಿಟ್ಟು, ತೋಳನ್ನು ಒತ್ತಿಹಿಡಿದು, ಬೀಪ್ ಶಬ್ದ ಬರುವವರೆಗೆ ಕಾಯಬೇಕು. ಕಂಕುಳಲ್ಲಿ 99.5 ಡಿಗ್ರಿ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಜ್ವರವೆಂದೇ ಲೆಕ್ಕ. ಒಳಮೈಯ ಶಾಖ ಇದಕ್ಕಿಂತ ತುಸು ಹೆಚ್ಚೇ ಇರುತ್ತದೆ.

ಮೂರು ತಿಂಗಳೊಳಗಿನ ಕೂಸು

ಇಲ್ಲಿ ಮಾತ್ರ ಅಂಕಿಯೇ ತೀರ್ಮಾನ. ಮೂರು ತಿಂಗಳು ತುಂಬದ ಕೂಸಿಗೆ ಜ್ವರವಿದ್ದರೆ, ಅದು ಎಷ್ಟೇ ಕಡಿಮೆ ಇರಲಿ, ಎಷ್ಟೇ ಹೊತ್ತಾಗಿರಲಿ, ವೈದ್ಯರ ಬಳಿಗೆ ಹೋಗಲೇಬೇಕು. ಇಷ್ಟು ಎಳೆಯ ಕೂಸಿನ ರೋಗನಿರೋಧಕ ಶಕ್ತಿ ಇನ್ನೂ ಬಲಿತಿರುವುದಿಲ್ಲ. ಮೂತ್ರದಲ್ಲೋ ಶ್ವಾಸಕೋಶದಲ್ಲೋ ಆರಂಭವಾದ ಸೋಂಕು ಕೆಲವೇ ಗಂಟೆಗಳಲ್ಲಿ ರಕ್ತಕ್ಕೆ, ಮೆದುಳಿನ ಪೊರೆಗೆ ಹರಡಬಲ್ಲದು. ದೊಡ್ಡ ಮಗುವಾದರೆ ಅಳುತ್ತದೆ, ನೋವೆನ್ನುತ್ತದೆ. ಹಸುಗೂಸು ಹೇಳುವುದು ಒಂದೇ ರೀತಿಯಲ್ಲಿ: ಹಾಲು ಬಿಡುತ್ತದೆ, ಮಂಕಾಗುತ್ತದೆ, ಹೆಚ್ಚು ಮಲಗುತ್ತದೆ. ಅಜ್ಜಿಗೆ ಸಮಾಧಾನ ತಂದ ಆ ನಿದ್ದೆಯೇ ವೈದ್ಯರಿಗೆ ಆತಂಕ ತರುವ ಲಕ್ಷಣ.

ಇದಕ್ಕೆ ಅಡ್ಡಿಯಾಗಿ ನಿಲ್ಲುವುದು ನಮ್ಮ ಕೆಲವು ಪದ್ಧತಿಗಳು. ಬಾಣಂತಿ ಮತ್ತು ಕೂಸು ನಲವತ್ತು ದಿನ ಹೊಸ್ತಿಲು ದಾಟಬಾರದು ಎಂಬ ರೂಢಿ ಅನೇಕ ಮನೆಗಳಲ್ಲಿದೆ. ಸೋಂಕಿನಿಂದ ಕಾಪಾಡಲು ಹುಟ್ಟಿದ ರೂಢಿ ಇರಬಹುದು, ಒಳ್ಳೆಯದೇ. ಆದರೆ ಸೋಂಕು ಆಗಲೇ ಒಳಗೆ ಬಂದಾಗ ಆ ಹೊಸ್ತಿಲಿಗೆ ಅರ್ಥವಿಲ್ಲ. ಇನ್ನೊಂದು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೂಸಿಗೆ ಕುಲಾವಿ, ಸ್ವೆಟರ್, ಎರಡು ಹೊದಿಕೆ ಹಾಕಿರುವುದು. ಇದರಿಂದಲೂ ಮೈ ಬಿಸಿಯೇರುತ್ತದೆ. ಹೆಚ್ಚಿನ ಬಟ್ಟೆ ತೆಗೆದು, ಕಾಲು ಗಂಟೆ ಬಿಟ್ಟು ಇನ್ನೊಮ್ಮೆ ಅಳೆಯಿರಿ. ಆಗಲೂ ಜ್ವರವಿದ್ದರೆ ಬಟ್ಟೆಯ ಮೇಲೆ ಹೊರಿಸಬೇಡಿ, ಹೊರಡಿ. ಮನೆಯಲ್ಲಿ ಸಿರಪ್ ಕೊಟ್ಟು "ಇಳಿಯುತ್ತದೋ ನೋಡೋಣ" ಎಂದು ಕಾಯುವುದು ಈ ವಯಸ್ಸಿಗೆ ಸಲ್ಲದು. ಕೂಸಿನ ಮೈ ಅತಿಯಾಗಿ ತಣ್ಣಗಾಗಿ 95.9 ಡಿಗ್ರಿಗಿಂತ ಕೆಳಗಿಳಿದರೂ ಅಷ್ಟೇ ಅಪಾಯ. ಆರನೆಯ ವಾರದ ಲಸಿಕೆ ಹಾಕಿಸಿದ ದಿನ ಮೈ ಬಿಸಿಯಾಗುವುದು ಸಹಜ. ಲಸಿಕೆ ಕೊಟ್ಟ ಸಿಸ್ಟರ್ ಹೇಳಿದಂತೆ ನಡೆದುಕೊಳ್ಳಿ. ಆದರೆ ಆ ದಿನವೂ ಕೂಸು ಹಾಲು ಬಿಟ್ಟರೆ, ಎಬ್ಬಿಸಿದರೂ ಏಳದಿದ್ದರೆ ಲಸಿಕೆಯ ಜ್ವರವೆಂದು ಸುಮ್ಮನಿರಬಾರದು.

ಮೂರರಿಂದ ಆರು ತಿಂಗಳ ಮಗುವಿಗೆ ಜ್ವರ ಬಂದರೆ ಅದೇ ದಿನ ತೋರಿಸುವುದು ಲೇಸು. "ಹಲ್ಲು ಬರುವ ಜ್ವರ" ಎಂಬ ಮಾತನ್ನು ಬಿಟ್ಟುಬಿಡಿ. ಹಲ್ಲು ಮೂಡುವಾಗ ಜೊಲ್ಲು ಸುರಿಯಬಹುದು, ಮಗು ಕಿರಿಕಿರಿ ಮಾಡಬಹುದು. 101, 102 ಡಿಗ್ರಿ ಜ್ವರ ಬರುವುದಿಲ್ಲ.

ದೊಡ್ಡ ಮಗುವಾದರೆ

ಆರು ತಿಂಗಳು ದಾಟಿದ ಮಗುವಿನಲ್ಲಿ ಥರ್ಮಾಮೀಟರನ್ನು ಪಕ್ಕಕ್ಕಿಟ್ಟು ಮಗುವನ್ನು ನೋಡಲು ಕಲಿಯಬೇಕು. ಜ್ವರ ಏರಿದಾಗ ಎಲ್ಲ ಮಕ್ಕಳೂ ಸೋತಿರುತ್ತಾರೆ. ಆದ್ದರಿಂದ ಔಷಧಿ ಕೊಟ್ಟ ಒಂದು ಗಂಟೆಯ ನಂತರ ನೋಡಿ. ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತದೆಯೇ? ಸ್ವಲ್ಪವಾದರೂ ಆಡುತ್ತದೆಯೇ? ನೀರು, ಗಂಜಿ, ಎಳನೀರು ಕುಡಿಯುತ್ತದೆಯೇ? ಊಟ ಬೇಡವೆಂದರೆ ಚಿಂತೆಯಿಲ್ಲ, ಕುಡಿಯುವುದು ನಿಲ್ಲಬಾರದು. ಎಂಟು ಗಂಟೆ ಮೂತ್ರ ಮಾಡದಿದ್ದರೆ ವೈದ್ಯರಿಗೆ ತೋರಿಸಲೇಬೇಕು.

ಔಷಧಿ ಎಂದರೆ ಪ್ಯಾರಾಸಿಟಮಾಲ್ ಒಂದೇ. ಒಂದು ಸಲಕ್ಕೆ ಮಗುವಿನ ತೂಕದ ಪ್ರತಿ ಕಿಲೋಗೆ 15 ಮಿಲಿಗ್ರಾಂ, ಆರು ಗಂಟೆಗೊಮ್ಮೆ, ದಿನಕ್ಕೆ ನಾಲ್ಕು ಬಾರಿ ಮೀರದಂತೆ. ಮನೆಗಳಲ್ಲಿ ತಪ್ಪುವುದು ಬಾಟಲಿಯ ವಿಷಯದಲ್ಲಿ. 10 ಕಿಲೋ ತೂಕದ ಮಗುವಿಗೆ ಬೇಕಾದದ್ದು 150 ಮಿಲಿಗ್ರಾಂ. ಅದು 5 ಮಿಲಿಯಲ್ಲಿ 125 ಮಿಲಿಗ್ರಾಂ ಇರುವ ಸಿರಪ್ಪಿನಲ್ಲಿ 6 ಮಿಲಿ. 5 ಮಿಲಿಯಲ್ಲಿ 250 ಇರುವ ಸಿರಪ್ಪಿನಲ್ಲಿ 3 ಮಿಲಿ. 1 ಮಿಲಿಯಲ್ಲಿ 100 ಇರುವ ಡ್ರಾಪ್ಸಿನಲ್ಲಿ ಬರೇ ಒಂದೂವರೆ ಮಿಲಿ. ಡ್ರಾಪ್ಸನ್ನು ಸಿರಪ್ಪಿನಂತೆ ಅಳೆದು ಕೊಟ್ಟರೆ ನಾಲ್ಕು ಪಟ್ಟು ಹೆಚ್ಚು ಔಷಧಿ ಹೋಗುತ್ತದೆ. ಅದು ಯಕೃತ್ತಿಗೆ ವಿಷ. ಪ್ರತಿ ಸಲ ಲೇಬಲ್ ಓದಿ, ಬಾಟಲಿಯ ಜೊತೆ ಬಂದ ಅಳತೆಯಲ್ಲೇ ಕೊಡಿ. ಆಸ್ಪಿರಿನ್ ಮಕ್ಕಳಿಗೆ ಕೊಡಬಾರದು. ಒಂದು ಕಾಲದಲ್ಲಿ ಅಂಗಡಿಗಳಲ್ಲಿ ಧಾರಾಳವಾಗಿ ಸಿಗುತ್ತಿದ್ದ ನಿಮೆಸುಲೈಡನ್ನು 12 ವರ್ಷದೊಳಗಿನವರಿಗೆ ಕೊಡುವುದನ್ನು ಭಾರತ ಸರ್ಕಾರ 2011ರಲ್ಲೇ ನಿಷೇಧಿಸಿದೆ. ತಣ್ಣೀರು, ಐಸು, ಸ್ಪಿರಿಟ್ ಒರೆಸುವುದು ಬೇಡ. ಚಳಿಯೆಂದು ಕಂಬಳಿ ಹೊದೆಸಿ ಮುಚ್ಚುವುದೂ ಬೇಡ.

ಉಸಿರನ್ನು ಎಣಿಸಲು ಪ್ರತಿಯೊಬ್ಬ ತಾಯಿಯೂ ಕಲಿಯಬಹುದು. ಮಗು ಸಮಾಧಾನವಾಗಿರುವಾಗ ಅಥವಾ ಮಲಗಿರುವಾಗ ಅಂಗಿ ಎತ್ತಿ, ಗಡಿಯಾರ ನೋಡಿ, ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಮಗುವಿಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದ ಮಗುವಿಗೆ 40 ಅಥವಾ ಹೆಚ್ಚು ಇದ್ದರೆ ನ್ಯುಮೋನಿಯಾದ ಶಂಕೆ. ಆಶಾ ಕಾರ್ಯಕರ್ತೆಯರೂ ಹೀಗೆಯೇ ಎಣಿಸುತ್ತಾರೆ. ಉಸಿರೆಳೆದಾಗ ಪಕ್ಕೆಲುಬಿನ ಕೆಳಭಾಗ ಒಳಗೆ ಸೆಳೆದರೆ, ತುಟಿ ನೀಲಿಯಾದರೆ ಎಣಿಸುತ್ತಾ ಕೂರುವುದೂ ಬೇಡ, ತಕ್ಷಣ ಆಸ್ಪತ್ರೆ. ಮಗುವನ್ನು ಎಬ್ಬಿಸಲಾಗದಿದ್ದರೆ, ಕುತ್ತಿಗೆ ಬಗ್ಗಿಸಲಾಗದಿದ್ದರೆ, ಕೂಸಿನ ನೆತ್ತಿ ಉಬ್ಬಿದ್ದರೆ, ಕುಡಿದದ್ದೆಲ್ಲ ವಾಂತಿಯಾಗುತ್ತಿದ್ದರೆ, ಗಾಜಿನ ಲೋಟ ಒತ್ತಿದರೂ ಮಾಸದ ಕೆಂಪು ಅಥವಾ ನೇರಳೆ ಚುಕ್ಕೆಗಳು ಮೈಮೇಲೆ ಎದ್ದಿದ್ದರೆ 108ಕ್ಕೆ ಕರೆ ಮಾಡಿ.

ಫಿಟ್ಸ್ ಬಗ್ಗೆ ಒಂದು ಮಾತು. ಆರು ತಿಂಗಳಿಂದ ಐದು ವರ್ಷದ ಕೆಲವು ಮಕ್ಕಳಿಗೆ ಜ್ವರದೊಂದಿಗೆ ಫಿಟ್ಸ್ ಬರುತ್ತದೆ. ನೋಡುವವರ ಎದೆ ಒಡೆಯುತ್ತದೆ, ನಿಜ. ಆದರೆ ಹೆಚ್ಚಿನವು ಐದು ನಿಮಿಷದೊಳಗೆ ನಿಲ್ಲುತ್ತವೆ, ಮೆದುಳಿಗೆ ಹಾನಿ ಮಾಡುವುದಿಲ್ಲ. ಮಗುವನ್ನು ಒಂದು ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ. ಬಾಯಿಗೆ ಚಮಚ, ಬೆರಳು, ನೀರು ಏನನ್ನೂ ಹಾಕಬೇಡಿ. ಕೈಗೆ ಬೀಗದ ಕೈ ಕೊಡುವುದರಿಂದ, ಈರುಳ್ಳಿ ಮೂಸಿಸುವುದರಿಂದ ಪ್ರಯೋಜನವಿಲ್ಲ. ಐದು ನಿಮಿಷ ದಾಟಿದರೆ 108. ಮೊದಲ ಸಲ ಬಂದದ್ದಾದರೆ ನಿಂತ ಮೇಲೂ ಅಂದೇ ವೈದ್ಯರಿಗೆ ತೋರಿಸಬೇಕು.

ಮೂರನೆಯ ದಿನ, ಮತ್ತು ಜ್ವರ ಬಿಟ್ಟ ದಿನ

ಮಗು ಆಡಿಕೊಂಡಿದ್ದರೂ ಮೂರು ದಿನ ದಾಟಿದ ಜ್ವರಕ್ಕೆ ವೈದ್ಯರು ಬೇಕು. ನೆಗಡಿ ಕೆಮ್ಮು ಏನೂ ಇಲ್ಲದೆ ಬಂದ ಜ್ವರ ಮೂತ್ರದ ಸೋಂಕಿರಬಹುದು. ಹೆಣ್ಣುಮಕ್ಕಳಲ್ಲಿ ಇದು ಹೆಚ್ಚು. ಟೈಫಾಯಿಡ್ ಇರಬಹುದು. ಊರನ್ನೂ ನೋಡಬೇಕು. ಮಂಗಳೂರಿನಂತೆ ಮಲೇರಿಯಾ ಕಂಡ ಊರಿನಲ್ಲಿ, ಈಚೆಗೆ ಅದು ಬಹಳ ಇಳಿದಿದ್ದರೂ, ಮೂರು ದಿನ ಕಾಯದೆ ರಕ್ತ ಪರೀಕ್ಷೆ ಮಾಡಿಸಬೇಕು. ಮಲೆನಾಡಿನಲ್ಲಿ ಬೇಸಿಗೆಗೆ ಮುಂಚೆ ಕಾಡಂಚಿಗೆ ಹೋಗಿಬಂದ ಮನೆಯವರಾದರೆ ಆ ಸಂಗತಿಯನ್ನು ವೈದ್ಯರಿಗೆ ಹೇಳಲೇಬೇಕು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಉಣುಗು ಕಚ್ಚಿ ಬರುವ ಜ್ವರವೇ.

ಮಳೆಗಾಲದಲ್ಲಿ ಎಲ್ಲ ಊರಿಗೂ ಅನ್ವಯಿಸುವುದು ಡೆಂಗಿ. 2024ರ ಸೆಪ್ಟೆಂಬರಿನಲ್ಲಿ ಕರ್ನಾಟಕ ಸರ್ಕಾರ ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತ್ತು. ಈ ಜ್ವರದಲ್ಲಿ ತಂದೆತಾಯಿಗಳು ಮೋಸಹೋಗುವುದು ಜ್ವರ ಬಿಟ್ಟಾಗ. ಮೂರರಿಂದ ಏಳನೆಯ ದಿನದೊಳಗೆ ಮೈ ತಣ್ಣಗಾಗುತ್ತದೆ, ಮನೆಯವರು ನಿಟ್ಟುಸಿರು ಬಿಡುತ್ತಾರೆ. ಕೆಲವು ಮಕ್ಕಳಲ್ಲಿ ಆಗಲೇ ರಕ್ತನಾಳಗಳಿಂದ ನೀರಿನ ಅಂಶ ಸೋರಿ ರಕ್ತದೊತ್ತಡ ಕುಸಿಯಲು ಶುರುವಾಗುತ್ತದೆ. ಜ್ವರ ಬಿಟ್ಟ ನಂತರದ 24ರಿಂದ 48 ಗಂಟೆ ಕಣ್ಣಿಟ್ಟು ಕಾಯಿರಿ. ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ಮೂಗು ಅಥವಾ ವಸಡಿನಲ್ಲಿ ರಕ್ತ, ಕಪ್ಪು ಮಲ, ತಣ್ಣನೆಯ ಕೈಕಾಲು, ಮಂಕು ಅಥವಾ ಚಡಪಡಿಕೆ — ಇವುಗಳಲ್ಲಿ ಒಂದಿದ್ದರೂ ಸಾಕು, ಆಸ್ಪತ್ರೆಗೆ ಹೋಗಬೇಕು. ಡೆಂಗಿಯ ಸಂಶಯವಿರುವಾಗ ಐಬುಪ್ರೊಫೆನ್ ಕೊಡಲೇಬಾರದು, ರಕ್ತಸ್ರಾವಕ್ಕೆ ದಾರಿಯಾಗುತ್ತದೆ.

ಹೊರಡುವ ಮುನ್ನ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ: ಜ್ವರ ಯಾವಾಗ ಶುರುವಾಯಿತು, ಯಾವ ಹೊತ್ತಿಗೆ ಎಷ್ಟು ಡಿಗ್ರಿ, ಯಾವ ಔಷಧಿ ಎಷ್ಟು ಮಿಲಿ ಎಷ್ಟು ಹೊತ್ತಿಗೆ ಕೊಟ್ಟಿರಿ, ಕೊನೆಯದಾಗಿ ಮೂತ್ರ ಮಾಡಿದ್ದು ಯಾವಾಗ. ಔಷಧಿಯ ಬಾಟಲಿಯನ್ನೂ ಲಸಿಕೆಯ ತಾಯಿ ಕಾರ್ಡನ್ನೂ ಚೀಲಕ್ಕೆ ಹಾಕಿಕೊಳ್ಳಿ. ಎದೆಹಾಲು ಕುಡಿಯುವ ಕೂಸಾದರೆ ದಾರಿಯಲ್ಲೂ ಹಾಲೂಡಿಸುತ್ತಾ ಹೋಗಿ.