ಈ ವಯಸ್ಸಿನಲ್ಲಿ ರಬ್ಬರ್ ಪಟ್ಟಿ ಎಳೆದರೆ ಬಲ ಬರುತ್ತದೆಯೇ?

ಪ್ರಶ್ನೆ: ಡಾಕ್ಟರೇ, ನನಗೆ 63 ವರ್ಷ. ಶುಗರ್ ಇದೆ, ಮಾತ್ರೆ ತೆಗೆದುಕೊಳ್ಳುತ್ತೇನೆ. ಮೆಟ್ಟಿಲು ಹತ್ತುವಾಗ ಮಂಡಿ ನೋಯುತ್ತದೆ. ದಿನಾ ಮುಕ್ಕಾಲು ಗಂಟೆ ವಾಕಿಂಗ್ ಮಾಡುತ್ತೇನೆ, ಮನೆಗೆಲಸವೂ ನನ್ನದೇ. ಮಗಳು ರೆಸಿಸ್ಟೆನ್ಸ್ ಬ್ಯಾಂಡ್ ತಂದುಕೊಟ್ಟಿದ್ದಾಳೆ. ಇದು ನನಗೆ ಬೇಕೆ? ಅಷ್ಟು ಹಗುರವಾದ ರಬ್ಬರಿನಿಂದ ಏನಾದೀತು?
– ಓದುಗರು, ಹಾಸನ

ಉತ್ತರ: ಖಂಡಿತ ಬೇಕು, ವಾಕಿಂಗ್ ಬಿಡದೆ ಅದರ ಜೊತೆಗೇ ಬೇಕು. ನಡಿಗೆ ಹೃದಯಕ್ಕೆ ಒಳ್ಳೆಯದು, ಆದರೆ ವಯಸ್ಸಾದಂತೆ ಕರಗುವ ಸ್ನಾಯುವನ್ನು ಅದೊಂದೇ ಉಳಿಸಲಾರದು. ರೂಢಿಗಿಂತ ಹೆಚ್ಚಿನ ಶ್ರಮ ಎದುರಾದಾಗಲೇ ಸ್ನಾಯು ಬಲಿಯುವುದು. ನಿಮ್ಮ ನಡಿಗೆ, ಮನೆಗೆಲಸ ಎರಡಕ್ಕೂ ಮೈ ಎಂದೋ ಒಗ್ಗಿಹೋಗಿದೆ. ಸಂಜೆಗೆ ಸುಸ್ತಾಗುವುದು ನಿಜವಾದರೂ ಆ ಸುಸ್ತು ಬಲವಾಗಿ ಮಾರ್ಪಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ವಾರಕ್ಕೆ ಕನಿಷ್ಠ 150 ನಿಮಿಷಗಳ ನಡಿಗೆಯಂಥ ಚಟುವಟಿಕೆ ಸಾಕೆನ್ನದೆ, ಎರಡು ದಿನವಾದರೂ ಸ್ನಾಯು ಬಲಪಡಿಸುವ ವ್ಯಾಯಾಮ ಬೇಕೆಂದು ಪ್ರತ್ಯೇಕವಾಗಿ ಹೇಳುತ್ತದೆ. ನಿಮಗಂತೂ ಇನ್ನೊಂದು ಕಾರಣವಿದೆ: ಇನ್ಸುಲಿನ್ ಪ್ರಭಾವದಿಂದ ರಕ್ತದ ಸಕ್ಕರೆಯನ್ನು ಅತಿ ಹೆಚ್ಚು ಹೀರಿಕೊಳ್ಳುವುದು ಸ್ನಾಯುವೇ.

ವಯಸ್ಸು ಮೀರಿತೆಂಬ ಅಳುಕು ಬೇಡ. 1990ರಲ್ಲಿ ಅಮೆರಿಕದ ಬಾಸ್ಟನ್‌ನ ಆರೈಕೆ ಕೇಂದ್ರವೊಂದರಲ್ಲಿ ಸರಾಸರಿ 90 ವರ್ಷದವರಿಗೆ ಎಂಟು ವಾರ ತೊಡೆಗೆ ಭಾರದ ವ್ಯಾಯಾಮ ಮಾಡಿಸಿದಾಗ ಬಲ ಸರಾಸರಿ ಶೇ. 174ರಷ್ಟು ಏರಿತು. ಹತ್ತೇ ಜನರ ಪ್ರಯೋಗವದು. ಆದರೆ 1994ರಲ್ಲಿ ನೂರು ಜನರನ್ನಿಟ್ಟುಕೊಂಡು ನಡೆಸಿದ ಅಧ್ಯಯನದಲ್ಲೂ ವ್ಯಾಯಾಮ ಮಾಡಿದವರ ಬಲ ದುಪ್ಪಟ್ಟಾಯಿತು. ಅಲ್ಲಿ ಬಳಸಿದ್ದು ರಬ್ಬರಲ್ಲವಲ್ಲ ಎಂದು ನೀವು ಕೇಳಬಹುದು, ನ್ಯಾಯವಾದ ಪ್ರಶ್ನೆಯೇ. ಎಳೆಯುವ ಪಟ್ಟಿಗಳನ್ನು ಜಿಮ್‌ನ ಯಂತ್ರ, ಡಂಬಲ್ಸ್‌ಗಳ ಜೊತೆ ಹೋಲಿಸಿದ ಹಲವು ಪ್ರಯೋಗಗಳನ್ನು 2019ರಲ್ಲಿ ಒಟ್ಟುಗೂಡಿಸಿ ನೋಡಿದಾಗ ಬಲದ ಗಳಿಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸ್ನಾಯುವಿಗೆ ಬೇಕಾದದ್ದು ಬಿಗಿತ. ಅದು ಕಬ್ಬಿಣದಿಂದ ಬಂತೋ ರಬ್ಬರಿನಿಂದ ಬಂತೋ ಮುಖ್ಯವಲ್ಲ.

ಆದರೆ ಪಟ್ಟಿಗೊಂದು ಮಿತಿಯಿದೆ. ಎಷ್ಟು ಕಿಲೋ ಎಳೆದೆವೆಂಬ ಲೆಕ್ಕ ಸಿಗದ ಕಾರಣ ಅನೇಕರು ಸುಲಭವಾದ ಒಂದೇ ಪಟ್ಟಿಯನ್ನು ತಿಂಗಳುಗಟ್ಟಲೆ ಎಳೆಯುತ್ತ, ಫಲವಿಲ್ಲವೆಂದು ಬಿಟ್ಟುಬಿಡುತ್ತಾರೆ. 10ರಿಂದ 15 ಸಲ ಎಳೆಯುವಾಗ ಕೊನೆಯ ಎರಡು ಮೂರು ಸಲ ಕಷ್ಟವೆನಿಸಲೇಬೇಕು. ಹದಿನೈದೂ ಸಲೀಸಾದಾಗ ದಪ್ಪ ಪಟ್ಟಿಗೆ ಹೋಗಿ. ಗಟ್ಟಿ ಕುರ್ಚಿಯಲ್ಲಿ ಕುಳಿತು, ಅದರ ಹಿಂಗಾಲಿಗೂ ನಿಮ್ಮ ಕಾಲ್ಗಿಣ್ಣಿಗೂ ಪಟ್ಟಿ ಕಟ್ಟಿ, ಕಾಲನ್ನು ನಿಧಾನಕ್ಕೆ ನೀಡಿ, ಅಷ್ಟೇ ನಿಧಾನಕ್ಕೆ ಮಡಿಸಿ. ತೊಡೆಯ ಮುಂಭಾಗ ಬಲಗೊಂಡಂತೆ ಮೆಟ್ಟಿಲು ಹತ್ತುವುದು ಹಗುರಾಗುತ್ತದೆ. ಪಟ್ಟಿ ಎಳೆಯುವಾಗ ಮಂಡಿಯಲ್ಲಿ ಸ್ವಲ್ಪ ನೋವಿದ್ದರೆ ಹೆದರಬೇಡಿ. ಮರುದಿನವೂ ನೋವು ಜಾಸ್ತಿಯಾಗಿಯೇ ಇದ್ದರೆ ಬಿಗಿತ ಇಳಿಸಿ.

ಎಳೆಯುವಾಗ ಉಸಿರು ಕಟ್ಟಬೇಡಿ, ಬಿ.ಪಿ. ಏರುತ್ತದೆ, ಉಸಿರು ಬಿಡುತ್ತ ಎಳೆಯಿರಿ. ಶುಗರ್‌ನಿಂದ ಕಣ್ಣಿನ ಅಕ್ಷಿಪಟಕ್ಕೆ ಹಾನಿಯಾಗಿದ್ದರೆ ಇಂಥ ಶ್ರಮದಿಂದ ಕಣ್ಣೊಳಗೆ ರಕ್ತಸ್ರಾವವಾಗುವ ಅಪಾಯವಿದೆ. ಹಾಗಾಗಿ ಈಚೆಗೆ ಕಣ್ಣಿನ ಪರೀಕ್ಷೆ ಆಗಿರದಿದ್ದರೆ ಮೊದಲು ಅದನ್ನು ಮಾಡಿಸಿ. ಪಟ್ಟಿಯಲ್ಲಿ ಸಣ್ಣ ಬಿರುಕು ಕಂಡರೂ ಎಸೆದುಬಿಡಿ, ಚೆನ್ನಾಗಿರುವುದನ್ನೂ ಮುಖದತ್ತ ಎಳೆಯಬೇಡಿ.